ಮೂರು ಬಟ್ಟಲು ನೀರು

ನನ್ನ ಶಾಲೆಗೆ ಲ್ಯಾಬ್ ಇಲ್ಲ. ಬೇಕಾದದ್ದೆಲ್ಲ ನನ್ನ ಅಡುಗೆಮನೆಯಿಂದಲೇ ಹೋಗಬೇಕು. ಇವತ್ತು ಮೂರು ಬಟ್ಟಲು ಹೊತ್ತು ತಂದಿದ್ದೆ. ಒಂದಕ್ಕೆ ನೀರು ತುಂಬಿ ಅಂಗಳದ ಹಿಮ ಹಾಕಿದೆ, ನಡುವಿನದಕ್ಕೆ ಉಗುರುಬೆಚ್ಚಗಿನ ನೀರು.

ಮೂರನೆಯದಕ್ಕೆ ಬಿಸಿನೀರು ತಂದವನು ಒಗ್ನ್ಯೆನ್, ನಮ್ಮ ಭೂಗೋಳದ ಮೇಷ್ಟ್ರು. ಹೋದ ತಿಂಗಳು ಎಲೆಕೋಸು ಹುಳಿಹಾಕುವ ಪೀಪಾಯಿ ಎತ್ತಿಕೊಡಲು ಮನೆಗೆ ಬಂದವನು, ಅದನ್ನು ಕೆಳಗಿಡುವ ಮೊದಲೇ "ನನ್ನ ಮದುವೆ ಆಗ್ತೀಯಾ, ಸ್ತಾನಾ?" ಎಂದಿದ್ದ.

"ನನಗೆ ಏನೂ ಅನ್ನಿಸ್ತಿಲ್ಲ" ಎಂದಿದ್ದೆ. ಸುಳ್ಳಲ್ಲ. ನನ್ನ ಗಂಡ ಸ್ರೆತೆನ್ ತೀರಿಹೋದಾಗಿನಿಂದ ಒಳಗೆಲ್ಲ ಮರಗಟ್ಟಿದೆ. ಒಗ್ನ್ಯೆನ್ ಅದನ್ನೇ 'ಬೇಡ' ಎಂದುಕೊಂಡು ದೂರದ ನೀಶ್ ನಗರದ ಶಾಲೆಯೊಂದರಲ್ಲಿ ಕೆಲಸ ಒಪ್ಪಿಕೊಂಡ. ಇವತ್ತು ಮಧ್ಯಾಹ್ನದ ಬಸ್ಸಿಗೆ ಹೊರಡುವವನಿದ್ದ.

"ಸಾಕಾ ನೀರು, ಟೀಚರಮ್ಮ?" ಬಿಸಿನೀರು ಸುರಿಯುತ್ತ ಕೇಳಿದ.

"ಸಾಕು."

"ಇನ್ನೊಂದು ಮಾತು ಆಡಿದ್ರೆ ದಂಡ ಹಾಕ್ತಾರಾ?"

ನಗಬೇಕಿತ್ತು. ನಗು ಬರಲಿಲ್ಲ.

ಪಾಠ ಶುರುವಾಯಿತು. ಮಕ್ಕಳಲ್ಲಿ ರುಝಾ ಹಿಮದ ನೀರಿಗೆ ಕೈಯಿಟ್ಟಳು, ವಿದಾಕ್ ಬಿಸಿನೀರಿಗೆ. ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ನಡುವಿನ ಬಟ್ಟಲಿಗೆ ಕೈ ಹಾಕಿದರು.

"ಅಯ್ಯೋ, ಸುಡ್ತಿದೆ!" ಎಂದಳು ರುಝಾ.

"ಏ ಸುಳ್ಳಿ, ತಣ್ಣಗಿದೆ!"

"ನೀನೇ ಸುಳ್ಳ!"

"ಇಬ್ರೂ ನಿಜಾನೇ ಹೇಳ್ತಿದೀರಿ" ಎಂದೆ. "ನೀರು ಒಂದೇ. ಎದುರಿನವರ ಕೈ ಎಲ್ಲಿಂದ ಬಂತು ಅಂತ ಮೊದಲು ಕೇಳಿ. ಆಮೇಲೆ ಬೇಕಾದ್ರೆ ಜಗಳ ಆಡಿ."

ಈ ಪಾಠವನ್ನು ನಾನು ಪ್ರತಿವರ್ಷ ಮಾಡುತ್ತೇನೆ. ಈ ಸಲ ಒಗ್ನ್ಯೆನ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.

ಮಕ್ಕಳು ಹೊರಗೋಡಿದ ಮೇಲೆ ಒಳಗೆ ಬಂದ. ಕಣ್ಣು ಬಟ್ಟಲುಗಳ ಮೇಲಿತ್ತು, ನನ್ನ ಮೇಲಲ್ಲ.

"ನಿನ್ನ ಕೈ ಎಲ್ಲಿಂದ ಬಂತು ಅಂತ ನಾನು ಕೇಳಲೇ ಇಲ್ಲ."

"ಹಿಮದಿಂದ" ಎಂದೆ. "ಇನ್ನೂ ಅಲ್ಲೇ ಇದೆ."

ಅವನು ಅಂಗೈ ಚಾಚಿದ. "ಹಾಗಾದ್ರೆ ನೋಡೇಬಿಡೋಣ. ನನಗೆ ಬೇಜಾರಾಗುತ್ತೆ ಅಂತ ಏನೇನೋ ಹೇಳ್ಬೇಡ. ಅನ್ನಿಸಿದ್ದಷ್ಟೇ ಹೇಳು."

ಕೈಯಿಟ್ಟೆ. ತುಂಬ ಹೊತ್ತು ಏನೂ ಇಲ್ಲ. ಅವನು ಒತ್ತಲೂ ಇಲ್ಲ, ಅವಸರಪಡಿಸಲೂ ಇಲ್ಲ. ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಅವನು ಕಿಟಕಿಯತ್ತ ನೋಡಿದ, ಕೈ ಮಾತ್ರ ಕದಲಿಸಲಿಲ್ಲ.

"ಏನೂ ಇಲ್ವಾ?" ಮೆಲ್ಲಗೆ ಕೇಳಿದ.

"ಸುಡ್ತಿದೆ."

"ಸುಡೋದೆಲ್ಲಿಂದ ಬಂತು ಮಾರಾಯ್ತಿ! ಗ್ಲೌಸ್ ಮರೆತು ಬಂದಿದೀನಿ, ಕೈ ತಣ್ಣಗೆ ಕಲ್ಲಾಗಿದೆ."

"ನನಗೆ ಸುಡ್ತಿದೆ" ಎಂದೆ. "ಬಸ್ಸು ಹೋಗ್ಲಿ ಬಿಡು."