ಹಿಂದಿನ ಎಡಮೂಲೆ

ಕಂಬದಂಥ ಗಂಡಸಿಗೆ ಜಿಂಕೆ ಕಾಲು ಕೊಟ್ಟವಳು ನಾನು. ಇದರಲ್ಲಿ ಅರ್ಧ ಸುಳ್ಳು. ಕೊಟ್ಟವಳು ನನ್ನ ಮೊಮ್ಮಗಳು; ನಾನು ಅವಳು ಆಟ ಕಲಿಸುವ ಶಟಲ್ ಹಾಲ್‌ನ ನೆಲ ಒರೆಸುವವಳು. ಆದರೆ ನಾನು ಒರೆಸದಿದ್ದರೆ ಈ ಕಥೆಯೇ ಇಲ್ಲ.

ಅವನು ಫುಟ್‌ಬಾಲ್ ಆಟಗಾರ. ಒದ್ದರೆ ಚೆಂಡು ಚಂದ್ರನಿಗೆ ಬಡಿದು ವಾಪಸು ಬರಬೇಕು, ಅಷ್ಟು ಬಲ. ಅತ್ತಿಂದಿತ್ತ ತಿರುಗುವುದರೊಳಗೆ ಮಾತ್ರ ಆಟವೇ ಮುಗಿದಿರುತ್ತಿತ್ತು. ಟೀಮಿನವರೇ ಅವನಿಗೆ ಕಂಬ ಅಂತ ಹೆಸರಿಟ್ಟಿದ್ದರು. ಒಂದು ತಿಂಗಳು ಶಟಲ್ ಆಡಿ ಕಾಲು ಚುರುಕು ಮಾಡಿಕೊಂಡು ಬಾ ಅಂತ ಕೋಚ್ ಕಳಿಸಿದರು. ತಿಂಗಳ ಕೊನೆಗೆ ಪರೀಕ್ಷೆ. ಪಾಸಾದರೆ ಟೀಮಿನ ಜೊತೆ ಎರಡು ವರ್ಷ ದೂರದ ಊರು. ಫೇಲಾದರೆ ಟೀಮಿನಿಂದಲೇ ಹೊರಗೆ.

ಮೊಮ್ಮಗಳು ಕೋರ್ಟಿನ ನಾಲ್ಕು ಮೂಲೆಗೂ ಶಟಲ್ ಹೊಡೆಯುವಳು, ಅವನು ಓಡಿ ಎತ್ತಬೇಕು. ಆಮೇಲೆ ಟೆನಿಸ್ ಚೆಂಡನ್ನು ಕಾಲಲ್ಲಿ ಉರುಳಿಸುತ್ತಾ ಅವೇ ಮೂಲೆಗಳನ್ನು ಸುತ್ತಬೇಕು. ಮೂರು ವಾರದಲ್ಲಿ ಮೂರು ಮೂಲೆ ಪಳಗಿದವು. ಹಿಂದಿನ ಎಡಮೂಲೆ ಮಾತ್ರ ದಿನಾ ತಪ್ಪುತ್ತಿತ್ತು.

ತಪ್ಪಿದಾಗಲೆಲ್ಲ ಅವಳು ನೆಟ್ ದಾಟಿ ಬಂದು, ಅವನ ಭುಜ ಹಿಡಿದು, ಹೀಗೆ ತಿರುಗು ಅಂತ ತಿರುಗಿಸುವಳು. ಆಗ ಅವನ ಕಿವಿ ಎಷ್ಟು ಕೆಂಪಾಗುತ್ತಿತ್ತೆಂದರೆ, ಆ ಬೆಳಕಲ್ಲೇ ನಾನು ಸೂಜಿಗೆ ದಾರ ಪೋಣಿಸಬಹುದಿತ್ತು.

ನೆಲ ಒರೆಸುವವಳ ಹತ್ತಿರ ಸುಳ್ಳು ನಡೆಯುವುದಿಲ್ಲ. ಕಾಲು ಸೋತವನ ಶೂ ಗುರುತು ಒಂದೊಂದು ದಿನ ಒಂದೊಂದು ಕಡೆ ಇರುತ್ತದೆ. ಇವನದು ದಿನಾ ಗೆರೆಯಿಂದ ಒಂದು ಗೇಣು ಈಚೆ, ಅದೇ ಜಾಗದಲ್ಲಿ, ಬೇಕೆಂದೇ ಬ್ರೇಕ್ ಹಾಕಿದ ಕಪ್ಪು ಗುರುತು. ನಿನ್ನ ಕೈ ತಾಗಲಿ ಅಂತ ತಪ್ಪಿಸುತ್ತಾನೆ ಕಣೇ ಅಂತ ಮೊಮ್ಮಗಳನ್ನು ಛೇಡಿಸಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಮರುದಿನವೇ ಕೋಚ್ ಬಂದು ಪರೀಕ್ಷೆ ಮಾಡುವವರಿದ್ದರು.

ಸಂಜೆ ಅವನ ಮುಂದೆ ನಿಂತು ರ‍್ಯಾಕೆಟ್ ಕೆಳಗಿಟ್ಟಳು.

"ನಾಳೆ ಆ ಮೂಲೆ ತಪ್ಪಿಸಿದ್ರೆ ಮತ್ತೆ ನನ್ನ ಮುಖ ನೋಡ್ಬೇಡ."

"ತಪ್ಪಿಸ್ದೇ ಇದ್ರೆ ನೋಡೋಕೆ ನಾನೆಲ್ಲಿರ್ತೀನಿ?"

"ನನಗೋಸ್ಕರ ಕಾಲು ಮುರ್ಕೊಂಡು ಕೂತೋನು ನಂಗೆ ಬೇಡ," ಅಂದಳು.

ಪರೀಕ್ಷೆಯಲ್ಲಿ ಕೋಚೇ ಶಟಲ್ ಹೊಡೆದರು. ಮೂರು ಮೂಲೆ ಆಯಿತು. ನಾಲ್ಕನೆಯದಕ್ಕೆ ಹಾರಿದ ಶಟಲ್ ಕೆಳಗಿಳಿಯಲು ಒಂದು ವರ್ಷ ಹಿಡಿಯಿತು. ಅವನು ಅವಳ ಕಡೆ ನೋಡಿದ. ಅವಳು ಕಣ್ಣು ಮುಚ್ಚಿಕೊಂಡಳು. ಅವನು ಓಡಿದ. ಶೂ ಗೆರೆ ದಾಟಿತು, ಶಟಲ್ ಮೇಲೆದ್ದಿತು.

ಇನ್ನೊಂದು ಗಂಟೆಗೆ ಬಸ್ಸು, ಬ್ಯಾಗ್ ತಗೊಂಡು ಬಾ ಅಂತ ಕೋಚ್ ಹೊರಟರು.

ನಾನು ಇಡೀ ನೆಲ ಒರೆಸಿ, ಒದ್ದೆ ಆರುವ ಮೊದಲೇ ನೀರು ಬದಲಿಸುವ ನೆಪದಲ್ಲಿ ಅವರಿಬ್ಬರನ್ನೇ ಬಿಟ್ಟು ಆಚೆ ಹೋದೆ. ಒಂದು ಬಕೆಟ್ ನೀರಿಗೆ ಬಾವಿ ತೋಡುವಷ್ಟು ಹೊತ್ತು ಮಾಡಿದೆ. ವಾಪಸು ಬಂದಾಗ ಬಸ್ಸಿನ ಹಾರ್ನ್ ಬೀದಿ ತುದಿಯಲ್ಲಿ ಕೇಳುತ್ತಿತ್ತು. ಅವಳು ಬೆಂಚಿನ ಮೇಲೆ, ಅವನ ಟವೆಲ್‌ನಲ್ಲಿ ಮುಖ ಹುದುಗಿಸಿ ಕೂತಿದ್ದಳು.

"ಆ ಮೂಲೆ ಒರೆಸ್ಬೇಡಜ್ಜಿ," ಅಂದಳು.

ಹೋಗಿ ನೋಡಿದೆ. ಆರಿದ ನೆಲದ ಮೇಲೆ ಎರಡು ಜೊತೆ ಶೂ ಗುರುತು, ಎದುರುಬದುರು. ದೊಡ್ಡವು ಪೂರ್ತಿ ಮೂಡಿದ್ದವು. ಚಿಕ್ಕವುಗಳಲ್ಲಿ ಬರೀ ತುದಿಗಾಲು, ಹಿಮ್ಮಡಿಯೇ ಇಲ್ಲ.

ಹಿಮ್ಮಡಿ ಯಾಕೆ ನೆಲ ಮುಟ್ಟಲಿಲ್ಲ, ನೀವೇ ಹೇಳಿ ನೋಡೋಣ.