ಅದಲು ಬದಲು ಮಾಡಿ ನೋಡಿದಾಗ

"ಇಲ್ಲಿ ಮೂವತ್ತು ಅಂತ ಬರೆದೋರು ಯಾರು?"

ಶಶಿಧರ ಮೇಷ್ಟ್ರ ಕೈಯಲ್ಲಿದ್ದ ಹಾಳೆಯತ್ತ ಕೋಮಲಾ ಕತ್ತು ಚಾಚಿ ನೋಡಿದಳು. ಅದು ಅವಳದೇ.

2004ರ ಜೂನ್. ತಮಿಳುನಾಡು ಗಡಿಯ ಹೊಸೂರಿನ ಕಾರ್ಮಿಕ ಸಂಘದ ಹಾಲ್. ಓದು ಅರ್ಧಕ್ಕೆ ಬಿಟ್ಟು ಫ್ಯಾಕ್ಟರಿ ಸೇರಿದವರಿಗೆ ಪ್ಲಸ್ ಟು ಪಾಠ ಹೇಳಿಕೊಡುವ ಭಾನುವಾರದ ಕ್ಲಾಸು. ರಾಯಕೋಟೆಯಿಂದ ಬಸ್ಸಿನಲ್ಲಿ ಬಂದ ಹೊಸ ಲೆಕ್ಕದ ಮೇಷ್ಟ್ರಿಗೆ ಅದು ಮೊದಲ ದಿನ.

"ನಾನೇ ಸಾರ್," ಅಂದಳು ಎದ್ದು ನಿಂತು.

"ಆರು ಜನರಲ್ಲಿ ಇಬ್ಬರನ್ನ ಶಿಫ್ಟಿಗೆ ಹಾಕ್ಬೇಕು, ಎಷ್ಟು ರೀತಿ ಅಂತ ಕೇಳಿದ್ದೆ. ಉತ್ತರ ಹದಿನೈದು. ನೀವು ಪಾಪಣ್ಣ–ತಿಮ್ಮರಾಯಪ್ಪ ಅಂತ ಒಂದ್ಸಲ, ತಿಮ್ಮರಾಯಪ್ಪ–ಪಾಪಣ್ಣ ಅಂತ ಇನ್ನೊಂದ್ಸಲ ಎಣಿಸಿದ್ದೀರಿ. ಹೆಸರು ತಿರುಗಿಸಿದ್ರೆ ಮನುಷ್ಯರು ಬದಲಾಗ್ತಾರಾ?"

ಕ್ಲಾಸು ನಕ್ಕಿತು. ಕೋಮಲಾಳ ಮುಖ ಕೆಂಪಾಯಿತು.

"ನಮ್ಮ ಫ್ಯಾಕ್ಟರೀಲಿ ಬದಲಾಗ್ತಾರೆ ಸಾರ್. ಬೋರ್ಡಲ್ಲಿ ಮೊದಲ ಹೆಸರಿನೋರು ಮಿಷಿನ್ ಮೇಲೆ. ಎರಡನೇ ಹೆಸರಿನೋರು ಹೆಲ್ಪರು. ನಾನು ನಾಲ್ಕು ವರ್ಷದಿಂದ ಎರಡನೇ ಹೆಸರು."

ಶಶಿಧರ ಹಾಳೆಯನ್ನು ನೋಡಿದ, ಅವಳನ್ನು ನೋಡಿದ.

"ಹಂಗಾದ್ರೆ ನೀವು ಬರೆದಿದ್ದೇ ಸರಿ. ಪ್ರಶ್ನೇನ ನಾನೇ ಅರ್ಧ ಕೇಳ್ಬುಟ್ಟೆ."

ನೀವು ಬರೆದಿದ್ದೇ ಸರಿ... ಗಂಡ ತೀರಿಹೋದ ಐದು ವರ್ಷಗಳಲ್ಲಿ ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಅವನು ಬೋರ್ಡಿನತ್ತ ತಿರುಗಿದ. "ಸೂತ್ರ ಆಮೇಲೆ ನೋಡಾಣ. ಮೊದ್ಲು ಇಬ್ಬರನ್ನ ಅದಲು ಬದಲು ಮಾಡಿ. ಏನಾದ್ರೂ ಬೇರೆ ಆಯ್ತಾ? ಆದ್ರೆ ಅದು ಕ್ರಮಯೋಜನೆ, ಎರಡನ್ನೂ ಎಣಿಸ್ಬೇಕು. ಏನೂ ಬದಲಾಗ್ಲಿಲ್ವಾ? ಅದು ವಿಕಲ್ಪ. ಬರೀ ಜೋಡಿ, ಒಂದ್ಸಲ ಎಣಿಸಿದ್ರೆ ಸಾಕು."

ಭಾನುವಾರಗಳು ಉರುಳಿದವು. ಕ್ಲಾಸು ಮುಗಿದ ಮೇಲೆ ರಾಯಕೋಟೆ ಬಸ್ಸು ಬರುವವರೆಗೆ ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವುದು ರೂಢಿಯಾಯಿತು. ಅವನು ಟೊಮೇಟೊ ತೋಟದ, ತಾಯಿ ಕದಿರಮ್ಮನ ಕಥೆ ಹೇಳುತ್ತಿದ್ದ. ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ತನಗೆ ಮೂವತ್ತೈದಾಗಿತ್ತೆಂದು ನಗುತ್ತಿದ್ದ. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಸೋಮವಾರದಿಂದ ಶನಿವಾರದವರೆಗೆ ಅವನಿಗೆ ಹೇಳಬೇಕಾದ್ದನ್ನೆಲ್ಲ ಕೂಡಿಡುತ್ತಿದ್ದಳು. ಸಂಜೆ ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುವ ಆ ಒಂಟಿ ಕೋಣೆಯಲ್ಲಿ ಬೇರೆ ಯಾರಿಗೆ ಹೇಳಬೇಕು?

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯಿತು. ಕ್ಲಾಸೂ ಮುಗಿಯಿತು.

ಆದರೂ ಅವನು ಬಂದ, ಅವಳ ಮನೆಗೇ. ಒಂದು ಭಾನುವಾರ ಪುಸ್ತಕ ಕೊಡುವ ನೆಪ. ಇನ್ನೊಂದು ಭಾನುವಾರ ಟೊಮೇಟೊ ತಂದ ನೆಪ. ಮೂರನೆಯದಕ್ಕೆ ನೆಪವೇ ಇರಲಿಲ್ಲ. ಗೇಟಿನ ಬಳಿ ಸುಮ್ಮನೆ ನಿಂತಿದ್ದ.

ಮನೆಯ ಓನರ್ ಪಿಳ್ಳಮ್ಮ ಜಗಲಿಯಿಂದಲೇ ಕೇಳಿದಳು: "ಏನಮ್ಮ ಕೋಮಲಾ, ಪರೀಕ್ಷೆ ಮುಗುದ್ರೂ ಮೇಷ್ಟ್ರ ಪಾಠ ಮುಗೀಲಿಲ್ವಾ?"

ಕೋಮಲಾಳಿಗೆ ನಾಚಿಕೆ, ಭಯ ಒಟ್ಟಿಗೇ ನುಗ್ಗಿದವು.

"ಇನ್ನು ಕ್ಲಾಸಿಲ್ಲವಲ್ಲ ಸಾರ್... ಸುಮ್ನೆ ಯಾಕೆ ಅಷ್ಟು ದೂರದಿಂದ ಬರ್ತೀರಿ?"

ನಿಮಗೋಸ್ಕರ ಬಂದೆ ಎಂದು ಅವನು ಹೇಳಲಿ ಎಂದೇ ಅವಳು ಕೇಳಿದ್ದು. ಅವನಿಗೆ ಕೇಳಿಸಿದ್ದು ಬೇರೆ.

"ಬರಬಾರ್ದಾ?"

ಪಿಳ್ಳಮ್ಮ ನೋಡುತ್ತಿದ್ದಳು. ಕೋಮಲಾ ತಲೆ ತಗ್ಗಿಸಿದಳು. ಅವನು ಸ್ವಲ್ಪ ಹೊತ್ತು ಕಾದು ಹೊರಟುಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಅವನಲ್ಲಿ ಮೊಬೈಲ್ ಇರಲಿಲ್ಲ. ಅವಳು ಸೀರೆ ಬದಲಿಸಿ, ಜಡೆ ಹಾಕಿಕೊಂಡು, ಕಿಟಕಿಯ ಬಳಿ ಕೂತು ಐದು ಭಾನುವಾರ ಕಳೆದಳು.

"ಮೇಷ್ಟ್ರು ನಾಟ್ರಾಂಪಾಳ್ಯಕ್ಕೆ ಹೋಗ್ತಾರಂತೆ ಕಣೆ," ಕ್ಯಾಂಟೀನಿನಲ್ಲಿ ಗೆಳತಿ ಕಲ್ಪನಾ ಹೇಳಿದಳು. "ಅಂಚೆಟ್ಟಿ ದಾಟಿ ಕಾಡೊಳಗೆ. ಅವ್ರೇ ಕೇಳಿ ಅಲ್ಲಿನ ಸ್ಕೂಲಿಗೆ ವರ್ಗ ಹಾಕಿಸ್ಕೊಂಡ್ರಂತೆ. ಸೋಮವಾರ ಸ್ಕೂಲು ಶುರು."

ಕೋಮಲಾ ತಟ್ಟೆ ಪಕ್ಕಕ್ಕೆ ಸರಿಸಿದಳು. "ಹೋಗ್ಲಿ ಬಿಡು. ಬರಬೇಕು ಅನಿಸಿದ್ರೆ ಬರ್ತಿದ್ರು."

"ನೀನು ಹೋಗಿದ್ಯಾ ರಾಯಕೋಟೆಗೆ? ಒಂದ್ಸಲ?"

"ನಾನ್ಯಾಕೆ ಹೋಗ್ಲಿ? ಅವ್ರು ಬಂದ್ರೂ ಒಂದೇ, ನಾನು ಹೋದ್ರೂ ಒಂದೇ ಅಲ್ವಾ..."

ಮಾತು ಅಲ್ಲೇ ನಿಂತಿತು. ಒಂದೇನಾ?

ಅವಳು ಮನಸ್ಸಿನಲ್ಲೇ ಹೆಸರುಗಳನ್ನು ಅದಲು ಬದಲು ಮಾಡಿದಳು. ಶಶಿಧರ ಕೋಮಲಾಳ ಹತ್ತಿರ ಬಂದದ್ದು ನಲವತ್ತೊಂದು ಭಾನುವಾರ. ಕೋಮಲಾ ಶಶಿಧರನ ಹತ್ತಿರ ಹೋದದ್ದು...

ಸೊನ್ನೆ.

ಇದು ಬರೀ ಜೋಡಿ, ಒಂದು ಸಲ ಎಣಿಸಿದರೆ ಸಾಕು ಅಂದುಕೊಂಡಿದ್ದಳಲ್ಲ! ಅವನ ಪಾಲಿನದನ್ನೇ ಇಬ್ಬರ ಹೆಸರಿಗೂ ಬರೆದುಕೊಂಡು ಕೂತಿದ್ದಳು. ಆ ಕಡೆಯಿಂದ ಅವನೂ ಯಾವುದೋ ಕಿಟಕಿಯಿಂದ ರಸ್ತೆ ನೋಡಿರಬಹುದು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ರಾಯಕೋಟೆಯಲ್ಲಿ ಇಳಿದಳು. ಸಂತೆಬೀದಿಯಲ್ಲಿ ಇಬ್ಬರನ್ನು ಕೇಳಿದಳು. ಒಬ್ಬರು ತಮಿಳಿನಲ್ಲಿ, ಒಬ್ಬರು ತೆಲುಗಿನಲ್ಲಿ ದಾರಿ ಹೇಳಿದರು. ಹೆಂಚಿನ ಮನೆಯ ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬಳು ಕಡಲೆಕಾಯಿ ಬಿಡಿಸುತ್ತಿದ್ದಳು.

"ಯಾರಮ್ಮ?"

"ಹೊಸೂರಿಂದ ಬಂದೆ. ಮೇಷ್ಟ್ರನ್ನ ನೋಡೋಕೆ."

ಕದಿರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಮ್ ಶಶೀಗೆ ನೀನು ಏನಾಗ್ಬೇಕು?"

ಕೋಮಲಾಳ ಕಣ್ಣು ತುಂಬಿತು. "ಗೊತ್ತಿಲ್ಲಮ್ಮ. ಅದನ್ನ ಕೇಳೋಕೇ ಬಂದೆ."

ಒಳಗೆ ಪುಸ್ತಕ ಕಟ್ಟುತ್ತಿದ್ದ ಶಶಿಧರ ಹೊರಬಂದವನು ಹಾಗೇ ನಿಂತ. ಕೈಯಲ್ಲಿ ಹುರಿ ಇತ್ತು.

"ಹಂಗ್ ನಿಂತ್ಕೊಂಡ್ರೆ ಎಂಗ್ಲಾ? ಮಾತಾಡು," ಎಂದು ಕದಿರಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು.

"ನೀವು... ಇಲ್ಲಿ?"

"ಅವತ್ತು ನಾನು ಬರಬೇಡಿ ಅನ್ನಲಿಲ್ಲ. ಯಾಕೆ ಬರ್ತೀರಿ ಅಂತ ಕೇಳ್ದೆ. ನೀವು ಹೇಳಲೇ ಇಲ್ಲ."

"ಹೇಳೋಕೆ ಧೈರ್ಯ ಸಾಲಲಿಲ್ಲ," ಅಂದ ಅವನು. ಧ್ವನಿ ಇಳಿದಿತ್ತು. "ನಿಮ್ಮನ್ನ ನೋಡೋಕೇ ಬರ್ತಿದ್ದೆ, ಕೋಮಲಾ. ಕ್ಲಾಸಿದ್ದಾಗ್ಲೂ ಅಷ್ಟೇ. ಮತ್ತೆ ನೀವು?"

"ಇದನ್ನ ಕೇಳೋಕೆ ಬಂದೆ. ಕೇಳಿದ ಮೇಲೂ ಬರ್ತಿರ್ತೀನಿ."

ಅವನು ಹುರಿಯನ್ನು ಕೆಳಗಿಟ್ಟ. "ನಾಳೆ ನಾಟ್ರಾಂಪಾಳ್ಯಕ್ಕೆ ಹೋಗ್ಲೇಬೇಕು. ಆರ್ಡರ್ ಆಗೋಗಿದೆ. ಬಸ್ಸು ಕಡಿಮೆ. ಆನೆ ಅಡ್ಡ ಬಂದ್ರೆ ಅದೂ ಇಲ್ಲ."

"ನಾನೂ ಕೆಲಸ ಬಿಡಲ್ಲ. ಒಂದು ಭಾನುವಾರ ನೀವು ಬನ್ನಿ, ಒಂದು ಭಾನುವಾರ ನಾನು."

"ಬಸ್ಸಿಲ್ದಿದ್ದ ದಿನ?"

"ಕಾಯ್ತೀನಿ."

"ಬೇಜಾರಾಗಲ್ವಾ?"

"ಆಗುತ್ತೆ," ಎಂದು ಕಣ್ಣೊರೆಸಿಕೊಂಡು ನಕ್ಕಳು ಕೋಮಲಾ. "ಆದ್ರೆ ಬರ್ತೀರಿ ಅಂತ ಗೊತ್ತಿದ್ದು ಕಾಯೋದೇ ಬೇರೆ, ಶಶಿ."

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಇನ್ನೊಂದ್ಸಲ ಕರೀರಿ," ಅಂದ ಅವನು.