ಮೂರು ಕ್ಯಾಪಿನ ಹೊಸ ಕಾರು

ಹೊಸ ಕಾರು. ಆದರೆ ವೀಲ್ ಕ್ಯಾಪ್ ಮೂರೇ!

ಮುಂದಿನ ಎಡಚಕ್ರ ಹೊರಕ್ಕೆ ತಿರುಗಿಕೊಂಡು ಬೋಳುಬೋಳಾಗಿ ನಿಂತಿತ್ತು. ಶೋರೂಮಿನ ಹಿಂದಿನ ಅಂಗಳದಲ್ಲಿ ಸಾಲಾಗಿ ನಿಂತ ಉಳಿದ ಕಾರುಗಳಿಗೆಲ್ಲ ನಾಲ್ಕೂ ಇದ್ದವು.

ನನಗೋ ಅವಸರ. ಹೆಂಡತಿಗೆ ದಿನ ತುಂಬಿತ್ತು, ಆಸ್ಪತ್ರೆ ದೂರ. "ಸಹಿ ಹಾಕೋ ಮುಂಚೆ ಅಮ್ಮ ಒಂದ್ಸಲ ನೋಡ್ಲಿ" ಎಂದು ಅವಳೇ ಅತ್ತೆಯನ್ನು ನನ್ನ ಜೊತೆ ಕಳಿಸಿದ್ದಳು. ಅತ್ತೆ ನಿವೃತ್ತ ಗಣಿತದ ಟೀಚರು. ಪರೀಕ್ಷೆಯಲ್ಲಿ ಕಾಪಿ ಹಿಡಿಯುವುದರಲ್ಲಿ ಎತ್ತಿದ ಕೈ. ತಮ್ಮ ಹಳೇ ಕಾರನ್ನು ಈಗಲೂ ತಾವೇ ಓಡಿಸುತ್ತಾರೆ. ಆದರೂ ಇವರೊಬ್ಬರು ಬೇಕಿತ್ತಾ ಎಂದು ನಾನು ದಾರಿಯುದ್ದಕ್ಕೂ ಒಳಗೊಳಗೇ ಗೊಣಗಿಕೊಂಡಿದ್ದೆ.

"ಯಾವನೋ ಕದ್ದಿದಾನೆ!" ಮ್ಯಾನೇಜರ್ ಕೆಂಡವಾದ. "ಐದೇ ನಿಮಿಷ ಸರ್, ಬೇರೆ ಕ್ಯಾಪ್ ಹಾಕಿಸ್ತೀನಿ. ಅಷ್ಟರಲ್ಲಿ ನೀವು ಸಹಿ ಮಾಡಿಬಿಡಿ."

ನಾನು ಪೆನ್ನು ತೆಗೆದೆ.

"ಸ್ವಲ್ಪ ತಡೀರಿ ಅಳಿಯಂದ್ರೇ," ಎಂದರು ಅತ್ತೆ.

ಅವರು ಕಾವಲುಗಾರನತ್ತ ತಿರುಗಿದರು. "ಬೆಳಿಗ್ಗೆ ಈ ಕಾರಿನ ಹತ್ರ ಯಾರ್‍ಯಾರು ಬಂದಿದ್ರು?"

"ತೊಳೆಯೋನು ಬಂದಿದ್ದ. ನಾನಿದ್ದೆ. ಆಮೇಲೆ ಸೇಲ್ಸ್‌ಮನ್ ಸಾರು."

"ಕಾರಿನ ಒಳಗೆ?"

"ಅಯ್ಯೋ, ನಾವು ಒಳಗೆ ಹೋಗೋ ಹಾಗಿಲ್ಲಮ್ಮ. ಕೀ ಆ ಸೇಲ್ಸ್‌ಮನ್ ಸಾರ್ ಜೇಬಲ್ಲೇ ಇರುತ್ತೆ."

ತೊಳೆಯುವವನು ಅಳುವುದೊಂದು ಬಾಕಿ. "ನಾನು ತೊಳೆದಾಗ ನಾಲ್ಕೂ ಇತ್ತು ಮೇಡಂ. ಮಕ್ಕಳಾಣೆ!"

ಕಾರಿನ ಗುಣಗಾನವನ್ನು ಅರಳು ಹುರಿದಂತೆ ಮಾಡುತ್ತಿದ್ದ ಸೇಲ್ಸ್‌ಮನ್ ಈಗ ತನ್ನ ಬೂಟು ನೋಡುತ್ತಿದ್ದ. ಇವನೇ ಕಳ್ಳ ಎಂದುಕೊಂಡೆ ನಾನು.

ಅತ್ತೆ ಸೀರೆ ಎತ್ತಿ ಸಿಕ್ಕಿಸಿ, ಮೊಬೈಲಿನ ಟಾರ್ಚ್ ಹಾಕಿ ಬೋಳು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಇಲ್ಲಿ ಬಗ್ಗಿ ನೋಡಿ. ಹೊಸ ಕಾರಿನ ನಟ್ಟುಗಳ ಮೇಲೆ ಇಷ್ಟೊಂದು ಗೀರು ಯಾಕೆ? ಈ ಚಕ್ರ ಒಮ್ಮೆ ಬಿಚ್ಚಿದಾರೆ. ಅದರ ಹಿಂದೆ ನೋಡಿ— ಚಕ್ರ ಹಿಡಿದಿರೋ ಕಬ್ಬಿಣದ ತೋಳು ಸೊಟ್ಟಗಾಗಿದೆ. ಮೇಲೆ ಕಪ್ಪು ಬಣ್ಣ ಬಳಿದಿದಾರೆ."

ಟಾರ್ಚಿನ ಬೆಳಕಲ್ಲಿ ಎಲ್ಲ ಕಂಡಿತು. ನಾನು ಪೆನ್ನನ್ನು ಜೇಬಿಗೆ ಹಾಕಿದೆ.

"ಲಾರಿಯಿಂದ ಇಳಿಸುವಾಗ ಕಾರು ಬಿತ್ತಾ?" ಅತ್ತೆ ಎದ್ದು ನಿಂತರು. "ಬಸುರಿ ಹೆಂಗಸನ್ನ ಇದರಲ್ಲಿ ಕೂರಿಸ್ಬೇಕಿತ್ತಾ ನಾವು?"

ಮ್ಯಾನೇಜರ್ ಮುಖದಲ್ಲಿ ರಕ್ತವಿರಲಿಲ್ಲ. "ಬೇರೆ... ಬೇರೆ ಕಾರು ಕೊಡ್ತೀವಿ ಮೇಡಂ."

"ಕೊಡಿ. ಕ್ಯಾಪ್ ಲಾರೀಲೇ ಬಿದ್ದಿರ್ಬೇಕು. ಅದಕ್ಕಾಗಿ ಇಲ್ಲಿ ಯಾರನ್ನಾದ್ರೂ ಗದರಿಸಿದ್ರೋ, ಇದರ ಫೋಟೋ ನೇರ ನಿಮ್ಮ ಕಂಪನಿಗೆ ಹೋಗುತ್ತೆ."

ರಸ್ತೆಗೆ ಬಂದ ಮೇಲೆ ಕೇಳಿದೆ: "ಲಾರೀಲಿ ಹೇಗೆ ಬಿತ್ತು ಅತ್ತೆ? ತೊಳೆದಾಗ ಇತ್ತಂತಲ್ಲ?"

ಅತ್ತೆ ನಕ್ಕರು. "ಮಾರೋಕೆ ಕದಿಯೋನು ನಾಲ್ಕೂ ಕದೀತಾನೆ. ಒಂದೇ ತೆಗೆದಿದಾನೆ ಅಂದ್ರೆ, ತೋರಿಸೋಕೆ ತೆಗೆದಿದಾನೆ."

"ಯಾರು?"

"ಉಳಿದ ಕಾರುಗಳ ಚಕ್ರ ನೆಟ್ಟಗಿತ್ತು. ನಮ್ಮದು ಮಾತ್ರ ಹೊರಕ್ಕೆ ತಿರುಗಿತ್ತು— ಹಿಂದಿರೋದು ಕಾಣ್ಲಿ ಅಂತ. ಕೀ ಹಾಕದೆ ಸ್ಟೀರಿಂಗ್ ತಿರುಗುತ್ತಾ? ಕೀ ಯಾರ ಜೇಬಲ್ಲಿತ್ತು?"

"ಸೇಲ್ಸ್‌ಮನ್!"

"ಅವನೇ. ಬಾಯಿ ಬಿಟ್ಟು ಹೇಳಿದ್ರೆ ಕೆಲಸ ಹೋಗುತ್ತೆ. ಹೇಳದೇ ಇರೋಕೆ ಮನಸ್ಸು ಒಪ್ಪಲಿಲ್ಲ. ಅವನ ಕೆಲಸ ಉಳೀಲಿ ಅಂತಲೇ ನಾನು ಲಾರಿ ಅಂದೆ. ಹೆರಿಗೆ ವಿಷಯ ನೀವೇ ಅಲ್ವಾ ಅವನ ಹತ್ರ ಹೇಳಿದ್ದು?"

ಹೌದು, ನಾನೇ. ಬೆಲೆ ಇಳಿಸಲಿ ಎಂದು ಹೇಳಿದ್ದೆ.

ಆ ವಾರವೇ ಬೇರೆ ಕಾರು ಬಂತು. ಅತ್ತೆ ಅದನ್ನೂ ಸುತ್ತು ಹಾಕಿ ನೋಡಿದರು. ಈ ಸಲ ಟಾರ್ಚ್ ಹಿಡಿದವನು ನಾನು. ಕೀ ಕೊಡಲು ಬಂದ ಸೇಲ್ಸ್‌ಮನ್ನಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮ್ಯಾನೇಜರ್ ಪಕ್ಕದಲ್ಲೇ ಇದ್ದ. ಹಾಗಾಗಿ "ಥ್ಯಾಂಕ್ಸ್" ಎಂದಷ್ಟೇ ಹೇಳಿದೆ.

ಅವನು ಒಮ್ಮೆ ಮುಂದಿನ ಎಡಚಕ್ರದ ಕಡೆ ನೋಡಿದ.

"ಎಲ್ಲಾ ನೆಟ್ಟಗಿದೆ ಸರ್," ಎಂದ. "ಧೈರ್ಯವಾಗಿ ಮಗೂನ ಮನೆಗೆ ಕರ್ಕೊಂಡು ಹೋಗಿ."